ಎರಡು ಬಡಿತಕ್ಕೆ ಹೊರಡುವ ಗಾಡಿ

ನಮ್ಮ ಮನೆಯಲ್ಲಿ ಒಂದು ಸಲ ಬಡಿದರೆ ನಿಲ್ಲು ಅಂತ, ಎರಡು ಸಲ ಬಡಿದರೆ ಹೊರಡು ಅಂತ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅಪ್ಪ ಬೆಟ್ಟದ ದಾರಿಯ ಬಸ್ ಡ್ರೈವರು; ಕಂಡಕ್ಟರು ಬಸ್ಸಿನ ತಗಡಿಗೆ ಬಡಿಯುವ ಸದ್ದು ಅವನ ಹಿಂದೆಯೇ ಮನೆಗೂ ಬಂದು ಸೇರಿಕೊಂಡಿತ್ತು. ಅಮ್ಮ ಅಡುಗೆಮನೆಯ ಗೋಡೆಗೆ ಸೌಟಿನಿಂದ ಒಂದು ಸಲ ಬಡಿದರೆ ನಾವು ಬಚ್ಚಲಿನ ನಲ್ಲಿ ನಿಲ್ಲಿಸುತ್ತಿದ್ದೆವು. ಎರಡು ಸಲ ಬಡಿದರೆ ತಟ್ಟೆ ಹಾಕಿಕೊಂಡು ಕೂರುತ್ತಿದ್ದೆವು. ಎಲ್ಲಿಗೆ ಹೋಗುವಾಗಲೂ ಬಾಗಿಲಿಗೆ ಬೀಗ ಹಾಕಿ ಕೊನೆಗೆ ಹತ್ತುವವಳು ಅಮ್ಮ. ಅವಳು ಕೂತು ಗಾಡಿಯ ಮೈಗೆ ಎರಡು ಸಲ ಬಡಿದರೆ ಅಪ್ಪ ಗೇರು ಹಾಕುತ್ತಿದ್ದ. ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ.

"ಹಿಂದೆ ನೋಡೋದು ಕಂಡಕ್ಟರ್ ಕೆಲಸ. ಮುಂದೆ ನೋಡೋದು ನಂದು" ಅನ್ನುತ್ತಿದ್ದ.

ಅಪ್ಪ ನಿವೃತ್ತನಾಗಿ, ಡಿಪೋದವರು ಕೊಟ್ಟ ಗೋಡೆ ಗಡಿಯಾರವನ್ನು ಮಗುವಿನ ಹಾಗೆ ತಬ್ಬಿಕೊಂಡು ಮನೆಗೆ ಬಂದ ದಿನ ಅಮ್ಮ ಎಲ್ಲರಿಗಿಂತ ಹೆಚ್ಚು ಖುಷಿಯಾಗಿದ್ದಳು. ಅದಕ್ಕೆ ಕಾರಣವಿತ್ತು. ಅಮ್ಮ ಆಸ್ಪತ್ರೆಯ ನರ್ಸುಗಳಿಗೆ, ಪ್ರೆಸ್ಸಿನ ಕೆಲಸದವರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಿದ್ದಳು. ನಾನು ಹುಟ್ಟುವ ಮೊದಲಿನಿಂದಲೂ. ಬೀದಿಯಲ್ಲಿ ಅವಳ ಹೆಸರೇ ಡಬ್ಬಿಯಕ್ಕ. ಬಲಗೈ ಮಣಿಕಟ್ಟು ಊದಿಕೊಂಡು, ದೊಡ್ಡ ಪಾತ್ರೆಯನ್ನು ಮೊಣಕೈಗಳಿಂದ ಎತ್ತುವ ಹೊಸ ವಿದ್ಯೆ ಕಲಿತಿದ್ದಳು. ಅವಳಿಗೂ ಅಪ್ಪನಿಗೂ ಒಂದು ಮಾತಾಗಿತ್ತು: ಅವನು ಸ್ಟೇರಿಂಗ್ ಬಿಟ್ಟ ದಿನ ಅವಳು ಸೌಟು ಬಿಡುವುದು. ಆಮೇಲೆ ಮನೆಯವರಿಗಷ್ಟೇ ಅಡುಗೆ. ಊರಿಗೆಲ್ಲ ಅಲ್ಲ.

"ಈ ತಿಂಗಳು ಮುಗಿದರೆ ಮುಗೀತು" ಅಂತ ಅಮ್ಮ ಡಬ್ಬಿ ಒಯ್ಯಲು ಬಂದ ಆಟೋದವನಿಗೆ ಹೇಳಿದಳು. ಅವನು "ನಮ್ಮ ಹೊಟ್ಟೆ ಗತಿ ಏನಕ್ಕಾ?" ಅಂದ. "ನನ್ನ ಕೈ ಗತಿ ಕೇಳಪ್ಪ ಮೊದಲು" ಅಂದಳು.

ಆದರೆ ಮನೆಯಲ್ಲಿ ಕೂತ ಅಪ್ಪನಿಗೆ ಹಗಲು ಮುಗಿಯುತ್ತಿರಲಿಲ್ಲ. ಟೀವಿ ನೋಡುವಾಗಲೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಜ್ಜಿ ಅಡ್ಡ ಬಂದರೆ ಬ್ರೇಕ್, ಬೆಕ್ಕು ಬಂದರೆ ಬ್ರೇಕ್. ಎರಡನೇ ವಾರದಲ್ಲಿ ಮುಂದಿನ ಕೋಣೆಯನ್ನು ಹೆಜ್ಜೆ ಹಾಕಿ ಅಳೆಯತೊಡಗಿದ. ಒಂದು ದಿನ ಊಟಕ್ಕೆ ಕೂತಾಗ ಮಾತು ಹೊರಗೆ ಬಂತು.

"ಮುಂದಿನ ಕೋಣೆ ಸುಮ್ಮನೆ ಬಿದ್ದಿದೆ."

"ಬಿದ್ದಿರಲಿ. ಅದಕ್ಕೇನು ಸೊಂಟ ನೋವಾ?" ಅಂದಳು ಅಮ್ಮ.

"ನಾಕು ಮೇಜು ಹಾಕಿದರೆ ಒಳ್ಳೇ ಊಟದ ಹೋಟೆಲು. ಡಬ್ಬಿ ತೊಳೆಯೋದಿಲ್ಲ, ಕಳಿಸೋದಿಲ್ಲ. ಜನ ತಾವೇ ಬಂದು ತಿಂದು ಹೋಗ್ತಾರೆ."

"ಮಾಡೋರು ಯಾರು?"

"ಇನ್ಯಾರೇ? ನಿನ್ನ ಕೈರುಚಿ..."

ಅಮ್ಮ ಕೈಯನ್ನು ದೀಪದ ಕೆಳಗೆ ಚಾಚಿದಳು. "ನೋಡಿ ರುಚಿ. ಸರಿಯಾಗಿ ನೋಡಿ."

ಅಪ್ಪ ತಟ್ಟೆ ನೋಡಿದ. "ನಾನೂ ಇರ್ತೀನಲ್ಲ. ಗಲ್ಲಾದಲ್ಲಿ ಕೂರ್ತೀನಿ."

"ಮೂವತ್ತು ವರ್ಷ ಕೂತೇ ಇದ್ರಿ. ಇನ್ನೂ ಕೂರಬೇಕಾ?"

ಅಜ್ಜಿಗೆ ನಗು ಬಂದು ನೀರು ನೆತ್ತಿಗೇರಿತು. ಅಣ್ಣ ಬಚ್ಚಲುಮನೆ ಟೈಲ್ಸ್ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು. "ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿದರೆ ಒರೆಸೋದು ಸುಲಭ ಅಮ್ಮಾ" ಅಂತ ಅಪ್ಪನ ಕಡೆ ಜಾರಿದ.

"ಒರೆಸೋದು ಯಾರೋ?"

ಅವನು ಅನ್ನ ಕಲಸತೊಡಗಿದ. ಎರಡೂ ದಡದಲ್ಲಿ ಒಂದೊಂದು ಕಾಲಿಡುವ ಅಜ್ಜಿ ಹೇಳಿದಳು, "ಅವಳ ಮಾತಲ್ಲಿ ತಪ್ಪಿಲ್ಲ ಮಗಾ. ಆದರೂ ಅಲ್ವೇ, ಅಡುಗೆ ಬಿಟ್ಟು ಏನು ಮಾಡ್ತೀಯೇ ಇಡೀ ದಿನ?"

"ಏನೂ ಮಾಡಲ್ಲ ಅತ್ತೆ. ಅದನ್ನೇ ಮಾಡಬೇಕು ಅಂತ ಬಹಳ ದಿನದ ಆಸೆ."

ಆಮೇಲೆ ಒಂದು ವಾರ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಹೆಚ್ಚು. ಉಪ್ಪು ಬೇಕಾದರೂ ಅಪ್ಪ ನನ್ನ ಮೂಲಕ ಕೇಳುತ್ತಿದ್ದ. ಆ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಅಂಗಿ ಇಸ್ತ್ರಿ ಮಾಡಿಕೊಂಡು ಬಂದು ನಿಂತ. "ಹೋಟೆಲ್ ಮಾತು ಬಿಡು. ನನ್ನ ರೂಟಲ್ಲಿ ಒಂದು ಸಲ ನಿಮ್ಮನ್ನೆಲ್ಲ ಕರಕೊಂಡು ಹೋಗ್ತೀನಿ. ನಿಧಾನಕ್ಕೆ. ಹಸಿವಾದಲ್ಲಿ ನಿಲ್ಲಿಸಿ, ತಿಂದು, ನೋಡಿಕೊಂಡು. ಒಂದು ಹೊತ್ತೂ ನೀನು ಒಲೆ ಮುಟ್ಟಬೇಡ."

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿದಳು. "ಬೇರೆಯವರು ಮಾಡಿದ್ದು, ಬೇರೆಯವರು ಬಡಿಸಿದ್ದು?"

"ತೊಳೆಯೋದೂ ಬೇರೆಯವರೇ."

ಅಮ್ಮ ನಕ್ಕಿದ್ದನ್ನು ನಾನು ಆ ತಿಂಗಳಲ್ಲಿ ಅವತ್ತೇ ನೋಡಿದ್ದು. ಅಮ್ಮ ಎರಡು ದಿನ ಡಬ್ಬಿಗೆ ರಜೆ ಹೇಳಿದಳು, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೇಳಿದೆ. ಡಿಪೋ ಮೆಕ್ಯಾನಿಕ್ ತನ್ನ ಹಳೇ ವ್ಯಾನು ಕೊಟ್ಟ. ಮುಂದೆ ಅಪ್ಪ, ಅಣ್ಣ. ನಡುವಿನ ಸೀಟಲ್ಲಿ ಅಜ್ಜಿ, ಅಜ್ಜಿಯ ಊರುಗೋಲು, ನಾನು. "ಹಿಂದಿನದು ನಂಗಿರಲಿ, ಕಾಲು ಚಾಚ್ತೀನಿ" ಅಂತ ಅಮ್ಮ ಬ್ಯಾಗುಗಳ ಆಚೆ ಹೋಗಿ ಸೇರಿಕೊಂಡಳು. ಡಬ್, ಡಬ್. ಹೊರಟೆವು.

ಬಯಲು ಮುಗಿದು ದಾರಿ ಮೇಲಕ್ಕೆ ಹೊರಳಿದ ಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು. ಬೆಟ್ಟಗಳು ಒಂದರ ಹೆಗಲ ಮೇಲೆ ಒಂದು ಕೂತಿದ್ದವು. ಕೆಳಗೆ ನದಿ ಯಾರೋ ಬಿಸಾಡಿದ ರಿಬ್ಬನ್ನಿನ ಹಾಗೆ ಬಿದ್ದಿತ್ತು. ಅಜ್ಜಿ ಕಿಟಕಿಗೆ ಹಣೆಯಿಟ್ಟು ಕಥೆ ಶುರು ಮಾಡಿದಳು.

"ಒಂದು ಬೆಟ್ಟಕ್ಕೆ ಬಹಳ ಹಸಿವಂತೆ. ದಾರಿಯಲ್ಲಿ ಹೋಗೋರನ್ನೆಲ್ಲ ನುಂಗೋದಂತೆ. ಬುಡದಲ್ಲೊಬ್ಬಳು ಮುದುಕಿ ದಿನಾ ಒಂದು ಕೊಪ್ಪರಿಗೆ ಗಂಜಿ ಹೊತ್ತುಕೊಂಡು ಹೋಗಿ ಅದರ ಬಾಯಿಗೆ ಸುರೀತಿದ್ದಳಂತೆ. ಹೊಟ್ಟೆ ತುಂಬಿದ ಬೆಟ್ಟ ಜನರನ್ನ ಬಿಟ್ಟುಬಿಡ್ತಿತ್ತಂತೆ."

"ಮುದುಕಿಗೆ ಊಟ ಯಾರು ಕೊಡ್ತಿದ್ರು ಅಜ್ಜಿ?"

"ಕಥೆಯಲ್ಲಿ ಅದು ಬರಲ್ಲ ಪುಟ್ಟಿ."

ಮೊದಲ ತಿರುವಿನ ಟೀ ಅಂಗಡಿ ಮುಂದೆ ಅಪ್ಪ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, "ಹತ್ತು ನಿಮಿಷ!" ಅಂತ ಕೂಗಿದ. ಎಲ್ಲರೂ ನಕ್ಕೆವು. ಅಂಗಡಿಯವನು ಓಡಿ ಬಂದು "ಡ್ರೈವರಣ್ಣ ಒಳಗೆ ಬನ್ನಿ" ಅಂತ ಅವನನ್ನು ಡ್ರೈವರುಗಳ ಕೋಣೆಗೇ ಎಳೆದುಕೊಂಡು ಹೋದ. ನಾವು ಹೊರಗೆ ಬ್ರೆಡ್ಡು, ಮೊಟ್ಟೆ ತಿಂದೆವು. ಅಪ್ಪ ಬಾಯಿ ಒರೆಸಿಕೊಂಡು ಬಂದ. "ಕೇಳಿ ಇವನನ್ನ. ಇಷ್ಟು ವರ್ಷದ ಸರ್ವೀಸಲ್ಲಿ ಒಬ್ಬ ಪ್ಯಾಸೆಂಜರನ್ನಾದರೂ ಎಲ್ಲಾದರೂ ಬಿಟ್ಟು ಹೋಗಿದ್ದೀನಾ ಅಂತ."

"ಇಲ್ಲಪ್ಪ" ಅಂದ ಅಂಗಡಿಯವನು. "ಕಂಡಕ್ಟರು ಒಳ್ಳೆಯವನು."

ಮಧ್ಯಾಹ್ನ ನದಿ ಪಕ್ಕದ ಹೋಟೆಲು. ಹುರಿದ ಮೀನು, ಬಿಸಿ ಅನ್ನ. ಅಮ್ಮ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಅಪ್ಪ ಅಡುಗೆಮನೆ ಬಾಗಿಲಿಂದ ಕೈ ಬೀಸಿದ. "ಬಾ ಇಲ್ಲಿ, ಒಂದು ನಿಮಿಷ. ಒಲೆ ಎಷ್ಟು ಎತ್ತರ ಕಟ್ಟಿದಾರೆ ನೋಡು. ಸೊಂಟ ಬಗ್ಗಿಸೋ ಹಾಗೇ ಇಲ್ಲ."

ಅಮ್ಮ ಎದ್ದು ಹೋದಳು. ಬರುವಷ್ಟರಲ್ಲಿ ಮೀನು ತಣ್ಣಗಾಗಿತ್ತು.

"ಈ ಸಾರಿಗೆ ಹುಳಿಗೆ ಏನು ಹಾಕಿದಾರೆ, ಹೇಳು ನೋಡೋಣ?"

"ರೀ, ನಂಗೆ ತಿನ್ನೋಕೆ ಬಿಡಿ."

"ತಿನ್ನು, ತಿನ್ನು. ತಿನ್ನುತ್ತಾ ಹೇಳು."

ಸಂಜೆಯ ಟೀ ನಿಲ್ದಾಣದಲ್ಲಿ ಬನ್ನಿನ ಹಿಟ್ಟು ನಾದುವವನನ್ನು ತೋರಿಸಿದ. ಆಮೇಲೆ ದಾರಿ ಬದಿಯಲ್ಲಿ ನಿಲ್ಲಿಸಿ ಒಂದು ಮೂಟೆ ಆಲೂಗಡ್ಡೆ ಕೊಂಡು ಹಿಂದಿನ ಸೀಟಿಗೆ, ಅಮ್ಮನ ಕಾಲ ಬಳಿಗೆ ತುರುಕಿದ. "ಬೆಟ್ಟದ ಆಲೂಗಡ್ಡೆ. ಅರ್ಧ ರೇಟು." ಚಾಚಿದ ಕಾಲನ್ನು ಅಮ್ಮ ಮಡಚಿಕೊಂಡಳು. ಅಣ್ಣನಿಗೆ ಮಾತ್ರ ಎಲ್ಲ ಗೊತ್ತಿತ್ತು ಅನ್ನಿಸುತ್ತದೆ. ಅವನು ಕಿಟಕಿಯಾಚೆ ಜಲಪಾತ ನೋಡುತ್ತಿದ್ದ.

ಉಳಿದುಕೊಂಡ ಲಾಡ್ಜಿನಲ್ಲಿ ಕತ್ತಲಾಗುವ ಮುಂಚೆಯೇ ಊಟ ಬಂತು. ಉದ್ದನೆಯ ಮರದ ಮೇಜು. ಅಣ್ಣ ಅದರ ಅಂಚಿನ ಮೇಲೆ ಕೈಯಾಡಿಸಿ, "ನಮ್ಮ ಬಡಗಿ ಹೇಳಿದ್ದೂ ಇಂಥದ್ದೇ ಅಲ್ವಾ ಅಪ್ಪಾ? ಅಂಚು ಉರುಟಾಗಿ..." ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಅಮ್ಮ ಚಮಚ ಕೆಳಗಿಟ್ಟಳು. "ಯಾವ ಬಡಗಿ?"

ಅಣ್ಣ ತಟ್ಟೆಗೆ ಬಗ್ಗಿದ. ಅಜ್ಜಿಗೆ ಬೇಕಾದಾಗ ಬರುವ ಕಿವುಡು ಬಂತು.

"ಸುಮ್ಮನೆ ಕೇಳಿಟ್ಟಿದ್ದು ಕಣೇ" ಅಂದ ಅಪ್ಪ. "ನೀನು ನಾಕು ಕಡೆ ನೋಡಿದರೆ, ತಿಂದರೆ, ನಿನಗೇ ಆಸೆ ಹುಟ್ಟಬಹುದು ಅಂತ..."

"ಓಹೋ" ಅಂದಳು ಅಮ್ಮ. ದನಿ ಏರಿಸಲಿಲ್ಲ. "ಇದು ಟೂರಲ್ಲ. ಡ್ಯೂಟಿ."

ಕೈ ತೊಳೆದು ಹೋಗಿ ಮಲಗಿಬಿಟ್ಟಳು.

ಮಾರನೇ ಬೆಳಿಗ್ಗೆ ಆ ಎರಡು ಬಡಿತ ಬಿಟ್ಟರೆ ಹಿಂದಿನ ಸೀಟಿನಿಂದ ಇನ್ನೇನೂ ಕೇಳಲಿಲ್ಲ. ಮಂಜು ಎದ್ದು ಹೋಗಿ ಕಣಿವೆ ಪೂರ್ತಿ ಕಾಣಿಸಿದಾಗ ನಾನು "ಅಮ್ಮಾ ನೋಡು" ಅಂದೆ. "ಹೂಂ" ಅಂದಳು. ಕಣಿವೆಯಷ್ಟು ದೂರದಿಂದ ಬಂದ ಹೂಂ.

ದಾರಿಯ ನೆತ್ತಿಯಲ್ಲಿ ಒಂದೇ ಒಂದು ಹೋಟೆಲಿತ್ತು. ಗಾಳಿಗೆ ಅದರ ತಗಡು ಹಾರದಂತೆ ಮೇಲೆ ಕಲ್ಲು ಹೇರಿದ್ದರು. ನಡೆಸುವವಳು ಒಬ್ಬ ದಪ್ಪನೆಯ ಹೆಂಗಸು. ಅನ್ನ, ಸೊಪ್ಪಿನ ಸಾರು, ಬೇಯಿಸಿದ ಕಾಳು. ಬೇಕಾದರೆ ತಿನ್ನಿ, ಇಲ್ಲವಾದರೆ ಮುಂದಿನ ಊರಿಗೆ ಹೋಗಿ ಅನ್ನುವ ಮುಖ. ಅಪ್ಪ ಅವಳ ಒಲೆ ಮುಂದೆ ಹೋಗಿ ಪ್ರಶ್ನೆ ಕೇಳುತ್ತ ನಿಂತ. ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸಿ, ಮುಖ ತೊಳೆಯಲು ಹಿತ್ತಿಲಿಗೆ ಹೋದಳು.

"ಹತ್ತು ನಿಮಿಷ ಆಯ್ತು!" ಅಂದ ಅಪ್ಪ.

ನಾನು ತಿರುವುಗಳಿಗೆ ತಲೆಸುತ್ತಿ, ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡು ಮೊದಲೇ ಕೂತಿದ್ದೆ. ಅಜ್ಜಿ ಹತ್ತಿದಳು. ಅವಳ ಕೋಲಿನ ತುದಿಗೆ ಕೆಸರು ಮೆತ್ತಿತ್ತು. ಕೊಡವಲು ಬಾಗಿಲಿನ ತಗಡಿಗೆ ಬಡಿದಳು. ಡಬ್, ಡಬ್.

ವ್ಯಾನು ಹೊರಟಿತು.

ಇಳಿಜಾರಿನಲ್ಲಿ ಬಹಳ ದೂರ ಯಾರೂ ಮಾತಾಡಲಿಲ್ಲ. ಅಜ್ಜಿಯ ತಲೆ ನನ್ನ ಭುಜದ ಮೇಲೆ ಒರಗಿತ್ತು. ನನ್ನ ಹಿಂದೆ ಬ್ಯಾಗುಗಳ ಗೋಡೆ. ಕೊನೆಗೆ ಅಪ್ಪನೇ ಮಾತು ತೆಗೆದ.

"ಆ ಸೊಪ್ಪಿನ ಸಾರು ಚೆನ್ನಾಗಿತ್ತು, ಅಲ್ವಾ?"

ಹಿಂದಿನಿಂದ ಉತ್ತರವಿಲ್ಲ.

"ಸಿಟ್ಟು ಬರೋದೇ. ಬರಲ್ಲ ಅಂತ ನಾನೆಲ್ಲಿ ಹೇಳಿದೆ? ಮೊದಲೇ ಹೇಳಬೇಕಿತ್ತು. ಒಪ್ಪಿದೆ."

ಉತ್ತರವಿಲ್ಲ. ಅಪ್ಪ ಒಂದು ತಿರುವು ಇಳಿಸಿದ.

"ನಂಗೂ ಮನೇಲಿ ಕೂತು ಕೂತು ಏನೋ ಆಗ್ತಿದೆ ಕಣೇ. ಸ್ಟೇರಿಂಗ್ ಇಲ್ಲದ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತಾನೇ ಗೊತ್ತಾಗಲ್ಲ. ಅದಕ್ಕೇ ಹೇಳಿದ್ದು. ನಿನಗೆ ಕಷ್ಟ ಕೊಡಬೇಕು ಅಂತ ಅಲ್ಲ." ಇನ್ನೊಂದು ತಿರುವು. "ಒಬ್ಬಳನ್ನ ಸಹಾಯಕ್ಕೆ ಇಡೋಣ. ಪಾತ್ರೆ ಎತ್ತೋಕೆ."

ನಾನು ಕಣ್ಣು ಮುಚ್ಚಿಕೊಂಡೇ ಅಮ್ಮನ ಮಾತಿಗೆ ಕಾದೆ. ಅಣ್ಣ ಕಾದ.

"ಸರಿ, ಎರಡು ಹೊತ್ತು ಬೇಡ. ಮಧ್ಯಾಹ್ನ ಮಾತ್ರ. ವಾರಕ್ಕೊಂದು ದಿನ ರಜೆ. ಆಯ್ತಾ? ಸುಮ್ಮನಿದೀಯ ಅಂದರೆ ಒಪ್ಪಿದ ಹಾಗೆ ತಾನೇ?"

ಅಣ್ಣ ಮೆಲ್ಲಗೆ, "ಒಪ್ಪಿದಳು ಬಿಡಪ್ಪಾ" ಅಂದ.

ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಕಣಿವೆ ಕಾಣುವ ಕಟ್ಟೆಯ ಹತ್ತಿರ ತಾನಾಗಿಯೇ ನಿಲ್ಲಿಸಿದ. "ಹತ್ತು... ಅಲ್ಲ, ಅರ್ಧ ಗಂಟೆ! ಇಳೀರಿ ಎಲ್ಲ!" ಇಳಿದು ಹೋಗಿ ತಾನೇ ಹಿಂದಿನ ಬಾಗಿಲು ತೆಗೆದ. ಹೆಂಡತಿಗೆ ಅವನು ಬಾಗಿಲು ತೆಗೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಲೂಗಡ್ಡೆ ಮೂಟೆ ಇತ್ತು. ಅದರ ಪಕ್ಕ ಅಮ್ಮನ ಶಾಲು, ಕೈಚೀಲ. ಅಣ್ಣ ಫೋನು ಮಾಡಿದ. ಕೈಚೀಲದೊಳಗಿಂದಲೇ ಅದು ಹಾಡಿತು.

"ಇಳಿದು ಎಲ್ಲಿ ಹೋದಳು?" ಅಂದ ಅಪ್ಪ. ಆ ಹೊತ್ತಿಗೂ ಅವನಿಗೆ ತಿಳಿದಿರಲಿಲ್ಲ.

"ಹತ್ತಲೇ ಇಲ್ಲ ಅಪ್ಪಾ" ಅಂದೆ ನಾನು.

"ಬಡಿದಳಲ್ಲ! ಎರಡು ಸಲ ಬಡಿದಳು. ನನ್ನ ಕಿವಿಯಾರೆ ಕೇಳಿದೆ."

ಅಜ್ಜಿ ತನ್ನ ಕೋಲನ್ನು ನೋಡಿದಳು. ಆಮೇಲೆ ನಮ್ಮನ್ನು. "ಅಯ್ಯೋ ದೇವರೇ" ಅಂದಳು.

ಗಾಡಿ ತಿರುಗಿಸಲು ಜಾಗವಿರಲಿಲ್ಲ. ಅಪ್ಪ ಹಿಮ್ಮುಖವಾಗಿಯೇ, ದಾಟಿ ಬಂದಿದ್ದ ಅಗಲದ ತಿರುವಿನವರೆಗೂ ತಂದ. ದಾರಿಯಲ್ಲಿ ಅಜ್ಜಿ ಅಳುತ್ತಿದ್ದಳು, ಅಣ್ಣ ಸಮಾಧಾನ ಮಾಡುತ್ತಿದ್ದ, ಅಪ್ಪ ಮಾತ್ರ ಒಂದೇ ಮಾತು: "ಶಾಲೂ ಇಲ್ಲ ಅವಳ ಹತ್ರ. ಶಾಲೂ ಇಲ್ಲ."

ನೆತ್ತಿಯ ಹೋಟೆಲಿನಲ್ಲಿ ಅಮ್ಮ ಕಿಟಕಿ ಪಕ್ಕದ ಬೆಂಚಿನ ಮೇಲೆ ಕಾಲು ಉದ್ದಕ್ಕೆ ಚಾಚಿ ಕೂತಿದ್ದಳು. ಯಾರದೋ ಉಣ್ಣೆಯ ಕೋಟು ಹೊದ್ದಿದ್ದಳು. ಮುಂದೆ ತಟ್ಟೆ, ಹೋಟೆಲಿನ ಹೆಂಗಸು ಪಕ್ಕದಲ್ಲಿ ನಿಂತು ಸಾರು ಬಡಿಸುತ್ತಿದ್ದಳು. ನಾವು ಒಳಗೆ ನುಗ್ಗಿದಾಗ ಅಮ್ಮ ಎಡಗೈ ಎತ್ತಿದಳು.

"ಕೂತ್ಕೊಳ್ಳಿ. ನನ್ನ ಊಟ ಮುಗಿದಿಲ್ಲ."

"ಇಷ್ಟು ಹೊತ್ತಾದರೂ ಊಟಾನಾ ಅಮ್ಮಾ?" ಅಂದ ಅಣ್ಣ.

"ನಿನ್ನೆಯಿಂದ ರುಚಿ ನೋಡ್ತಿದ್ದೆ. ಊಟ ಮಾಡ್ತಿರೋದು ಈಗ."

ಅಪ್ಪ ಎದುರಿಗೆ ಕೂತ. "ಕೂಗಬಾರದಿತ್ತಾ?"

"ಕೂಗಿದೆ. ಆ ತಿರುವಿನ ತನಕ ಓಡಿದೆ ಕೂಡ. ಆಮೇಲೆ ಮಂಡಿ ಸಾಕು ಅಂತು. ವಾಪಸ್ ಬಂದೆ."

"ನೀನು ಸಿಟ್ಟಲ್ಲಿ ಸುಮ್ಮನೆ ಕೂತಿದೀಯ ಅಂದ್ಕೊಂಡೆ ಕಣೇ. ಮಾತಾಡ್ತಾನೇ ಇದ್ದೆ ನಿನ್ನ ಜೊತೆ."

"ನಾನಿದ್ದಾಗಲೂ ಉತ್ತರ ಕೇಳಿಸಿಕೊಳ್ಳೋ ಅಭ್ಯಾಸ ಇಲ್ಲ. ಇಲ್ಲದಾಗ ಹೆಂಗೆ ಗೊತ್ತಾಗುತ್ತೆ?"

"ನನ್ನ ಕೋಲು ಕಣೇ" ಅಂತ ಅಜ್ಜಿ ಮೂಗು ಸೀಟಿದಳು. "ಹಾಳು ಕೆಸರು. ನಾನೇ ಬಡಿದಿದ್ದು."

"ಇರಲಿ ಬಿಡಿ ಅತ್ತೆ. ನೀವು ಬಡೀದಿದ್ದರೆ ಈ ಬಿಸಿ ಸಾರು ನಂಗೆಲ್ಲಿ ಸಿಕ್ತಿತ್ತು?"

ಅಮ್ಮ ಒಂದೊಂದೇ ಕಾಳು ಅಗಿಯುತ್ತಿದ್ದಳು. ತುಂಬ ದಣಿದಿದ್ದಳು, ಸಿಟ್ಟಿಗೂ ಶಕ್ತಿ ಬೇಕು. ನಾನು ದಾರಿಯ ಮಾತೆಲ್ಲ ಹೇಳಿದೆ. ಸಹಾಯಕ್ಕೆ ಒಬ್ಬಳು, ಮಧ್ಯಾಹ್ನ ಮಾತ್ರ, ವಾರಕ್ಕೊಂದು ರಜೆ. ಕೊನೆಗೆ ಅವಳು ಒಪ್ಪಿದ್ದು.

"ಪರವಾಗಿಲ್ವೇ" ಅಂದಳು ಅಮ್ಮ. "ನಾನಿಲ್ಲದಾಗ ಚೆನ್ನಾಗಿ ಚೌಕಾಸಿ ಮಾಡ್ತೀನಿ."

ಹೋಟೆಲಿನ ಹೆಂಗಸು ನಕ್ಕಳು. ಬೇರೆ ಯಾರೂ ನಗಲಿಲ್ಲ. ಅಪ್ಪನ ಬಾಯಿ ಏನೋ ಹೇಳಲು ತೆರೆದುಕೊಂಡಿತು. ಹತ್ತು ನಿಮಿಷ ಅನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ. ಬಾಯಿ ಮುಚ್ಚಿ ಕಿಟಕಿಯಾಚೆ ಬೆಟ್ಟ ನೋಡುತ್ತ ಕೂತ. ಈ ಬೆಟ್ಟಗಳ ಮಧ್ಯೆಯೇ ಮೂವತ್ತು ವರ್ಷ ಕಳೆದಿದ್ದರೂ ಅವನು ಕೂತು ನೋಡಿದ್ದು ಅದೇ ಮೊದಲಿರಬೇಕು. ಅಮ್ಮ ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

ಹೊರಡುವಾಗ ಅಪ್ಪ ಗೇರಿನ ಮೇಲೆ ಕೈಯಿಟ್ಟು ಕಾದ. ಸದ್ದಿಲ್ಲ. ಕತ್ತನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ ನೋಡಿದ. ಅಮ್ಮ ಕೂತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡರು. ಆಮೇಲೆ ಅವಳು ಬಡಿದಳು.

ಊರಿಗೆ ಬಂದ ಮೇಲೆ ಹೋಟೆಲಿನ ಮಾತನ್ನು ಯಾರೂ ಎತ್ತಲಿಲ್ಲ. ಬೇಡ ಅಂತಲೂ ಯಾರೂ ಹೇಳಲಿಲ್ಲ. ಅದು ಮನೆಯೊಳಗೆ ನೆಂಟನ ಹಾಗೆ ಕೂತಿತ್ತು. ಬೆಟ್ಟದ ಆಲೂಗಡ್ಡೆ ಮೊಳಕೆಯೊಡೆಯತೊಡಗಿತು. ತಿಂಗಳು ಮುಗಿದ ದಿನ ಅಮ್ಮ ಡಬ್ಬಿಗಳನ್ನೆಲ್ಲ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಅಟ್ಟಕ್ಕೆ ಏರಿಸು ಅಂತ ಅಣ್ಣನಿಗೆ ಹೇಳಿದಳು. ಅಪ್ಪ ಏಣಿ ಹಿಡಿದುಕೊಂಡ.

ಆ ಮಧ್ಯಾಹ್ನಗಳಲ್ಲಿ ಅಮ್ಮ ಚಾಪೆ ಹಾಸಿ ಮಲಗುವುದು ಕಲಿತಳು. ನಿದ್ದೆ ಬರುತ್ತಿರಲಿಲ್ಲ. ಹನ್ನೊಂದಾದರೆ ಕೈ ಸೌಟು ಹುಡುಕುತ್ತದೆ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಜ್ಜಿ ಪಕ್ಕದಲ್ಲಿ ಒರಗಿ ಬೆಟ್ಟದ ಕಥೆ ಮುಂದುವರಿಸಿದಳು.

"ಒಂದಿನ ಮುದುಕಿಗೆ ಸಾಕಾಯ್ತಂತೆ. ಗಂಜಿ ಹೊತ್ತುಕೊಂಡು ಹೋಗಲೇ ಇಲ್ಲವಂತೆ."

"ಬೆಟ್ಟ ಜನರನ್ನ ನುಂಗಿತಾ?" ಅಂದೆ.

"ಇಲ್ಲ ಪುಟ್ಟಿ. ಒಂದಿನ ಉಪವಾಸ ಇತ್ತು, ಅಷ್ಟೇ. ಸಾಯಲಿಲ್ಲ."

"ಇದು ಮೊದಲು ಕಥೆಯಲ್ಲಿ ಇರಲಿಲ್ಲವಲ್ಲ ಅಜ್ಜಿ."

"ಈಗ ಇದೆ" ಅಂದಳು ಅಜ್ಜಿ.

ಅಷ್ಟರಲ್ಲಿ ಬೀದಿಯಲ್ಲಿ ಟೆಂಪೋ ನಿಂತ ಸದ್ದಾಯಿತು. ಸುಮ್ಮನೆ ಕೇಳಿಟ್ಟಿದ್ದು ಅಂತ ಅಪ್ಪ ಅಂದಿದ್ದ ಮೇಜುಗಳನ್ನು ಬಡಗಿ ಮಾಡಿ ಕಳಿಸಿದ್ದ. ಹೊಸ ಮರ, ಹೊಸ ವಾರ್ನಿಷ್ ವಾಸನೆ, ಉರುಟಾದ ಅಂಚು. ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದ. ಬೇಡ ಅಂತ ಬಡಗಿಗೆ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಬರಲಿ ಅಂತ ನಮಗೆ ಹೇಳಲೂ ಬಂದಿರಲಿಲ್ಲ. ಟೆಂಪೋದವನು ಹಗ್ಗ ಬಿಚ್ಚುತ್ತ, "ಎಲ್ಲಿ ಇಳಿಸಲಿ ಯಜಮಾನ್ರೇ?" ಅಂದ.

ಅಪ್ಪ ಕತ್ತು ಹೊರಳಿಸಿ ಹಿಂದೆ, ಮನೆಯೊಳಕ್ಕೆ ನೋಡಿದ.

ಅಮ್ಮ ಚಾಪೆಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ ಹೊರಗೆ ಬಂದಳು. ಮೇಜಿನ ಅಂಚಿನ ಮೇಲೆ ಒಮ್ಮೆ ಕೈಯಾಡಿಸಿದಳು. "ಚೆನ್ನಾಗಿದೆ ಕೆಲಸ" ಅಂದಳು. ಆಮೇಲೆ ಊದಿದ ಬಲಗೈಯನ್ನು ಸೆರಗಲ್ಲಿ ಇಟ್ಟುಕೊಂಡು, ಎಡಗೈ ಮುಷ್ಟಿಯಿಂದ ಟೆಂಪೋದ ತಗಡಿಗೆ ಬಡಿದಳು.

ಒಂದು ಸಲ.

ಎರಡನೆಯದಕ್ಕೆ ನಾವೆಲ್ಲ ಕಾದೆವು. ಟೆಂಪೋದವನು ಹಗ್ಗ ಹಿಡಿದುಕೊಂಡು ಅವಳ ಮುಖ, ಅಪ್ಪನ ಮುಖ ನೋಡಿದ. ಅವನಿಗೆ ಏನೂ ಅರ್ಥವಾಗಿರಲಿಲ್ಲ. ಅಮ್ಮ ಆಗಲೇ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿ, ಕಣ್ಣಿನ ಮೇಲೆ ತೋಳು ಹಾಕಿಕೊಂಡಿದ್ದಳು.

ಮೆಟ್ಟಿಲ ಮೇಲೆ ಅಪ್ಪನ ಬಲಗಾಲು ತಾನಾಗಿಯೇ ಕೆಳಕ್ಕೆ ಒತ್ತಿತು. ಹಾಗೇ ಒತ್ತಿಕೊಂಡು, ಸ್ವಲ್ಪ ಹೊತ್ತು ನಿಂತಿತು.

"ಕಟ್ಟಪ್ಪ ಹಗ್ಗ" ಅಂದ ಅಪ್ಪ. "ವಾಪಸ್ ಹೋಗಲಿ."